ಬಿಳಿ ಗೆರೆಯ ತೊಟ್ಟಿಗಳು

ಜೂನ್ ೪

ಆಫೀಸಿನ ವರದಿಯಲ್ಲಿ ಯಾರನ್ನೂ ಬಯ್ಯುವಂತಿಲ್ಲ, ಅದಕ್ಕೇ ಈ ದಿನಚರಿ. ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಮೊದಲೇ ಬರೆದುಬಿಡುತ್ತೇನೆ: ನನ್ನ ಅಕ್ಕನ ಗಂಡನಷ್ಟು ಹಟಮಾರಿ ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಇದ್ದರೆ ಅದು ನಾನೇ. ಆದರೆ ನನ್ನ ಹಟಕ್ಕೆ ಕಾರಣವಿರುತ್ತದೆ.

ಭಾವ ಅಗ್ನಿಶಾಮಕ ಠಾಣೆಯ ಮುಖ್ಯಸ್ಥರು. ಕಳೆದ ತಿಂಗಳು ವಿಮಾನಗಳು ಬಂದು ಮಾರುಕಟ್ಟೆಯ ಹಿಂದಿನ ಸಾಲಿಗೆ ಬೆಂಕಿ ಬಾಂಬು ಹಾಕಿ ಹೋದಾಗ ನೀರಿನ ದೊಡ್ಡ ಕೊಳವೆಯೇ ಒಡೆದು, ಇವರ ಪೈಪಿನಿಂದ ಬರೀ ಗಾಳಿ ಬಂತು. ಆ ಸಾಲು ಅವರ ಕಣ್ಣೆದುರೇ ಸುಟ್ಟುಹೋಯಿತು. ಅವತ್ತಿನಿಂದ ಅವರ ತಲೆಯಲ್ಲಿ ನೀರಲ್ಲದೆ ಬೇರೇನೂ ಇಲ್ಲ. ಈಗ ಆಜ್ಞೆ ಹೊರಟಿದೆ: ಪ್ರತಿ ಮನೆಯ ಬಾಗಿಲಲ್ಲಿ ಒಂದು ಸಣ್ಣ ಸಿಮೆಂಟಿನ ತೊಟ್ಟಿ ಇರಬೇಕು, ಅದರೊಳಗೆ ಬಾಯಿಯಿಂದ ನಾಲ್ಕು ಬೆರಳು ಕೆಳಗೆ ಬಿಳಿ ಗೆರೆ ಬಳಿದಿರಬೇಕು, ನೀರು ಯಾವ ಹೊತ್ತಿನಲ್ಲೂ ಆ ಗೆರೆಯಿಂದ ಕೆಳಗಿಳಿಯಬಾರದು.

ನಾನು ಪುರಸಭೆಯ ಆರೋಗ್ಯ ನಿರೀಕ್ಷಕಿ. ನಮ್ಮ ಡಾಕ್ಟರು ಸೈನ್ಯದ ಆಸ್ಪತ್ರೆಗೆ ಹೋದರು, ಔಷಧಿ ಹೊಡೆಯುವವರು ಸೈನ್ಯಕ್ಕೇ ಹೋದರು. ಉಳಿದದ್ದು ನಾನು, ಮೂತಿ ಸೋರುವ ಒಂದು ಪಂಪು, ಫಿನಾಯಿಲ್ ವಾಸನೆಯ ಒಂದು ಕೋಣೆ. ಸಾಕು. ಇಷ್ಟನ್ನು ಇಟ್ಟುಕೊಂಡೇ ಊರಿನ ಆರೋಗ್ಯ ನೋಡಿಕೊಳ್ಳಬಲ್ಲೆ. ಆದರೆ ಸೊಳ್ಳೆ ಹುಟ್ಟಲಿ ಎಂದು ಮನೆಗೊಂದು ತೊಟ್ಟಿ ಇಡಿಸಿದ ಭಾವನನ್ನು ನೋಡಿಕೊಳ್ಳುವುದು ಹೇಗೆ ಎಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ.

ಜೂನ್ ೧೧

ನಾನು ಅಂದುಕೊಂಡಂತೆಯೇ ಆಯಿತು. ಇವತ್ತು ಠಾಣೆಯ ಬೀದಿಯ ಎರಡೂ ಬದಿ ಟಾರ್ಚು ಹಿಡಿದು ನೋಡಿಬಂದೆ. ಎಡಬದಿಯಲ್ಲಿ ದರ್ಜಿಯ ಅಂಗಡಿಯಿದೆ, ಹಿಂದೆಯೇ ಅವನ ಮನೆ. ಸೈನಿಕರ ಅಂಗಿ ಹೊಲಿಯುವ ಗುತ್ತಿಗೆ ಸಿಕ್ಕಿ ಅವನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಆದರೂ ಮಿಷನ್ನು ನಿಲ್ಲಿಸಿ ತೊಟ್ಟಿ ತೋರಿಸಲು ತಾನೇ ಎದ್ದು ಬಂದ.

“ನೋಡಿ ಮೇಡಂ, ಕನ್ನಡಿ ಥರ ಇದೆ. ದಿನಾ ಬೆಳಿಗ್ಗೆ ಹೊಸ ನೀರು ಹಾಕ್ತೀನಿ.”

“ಹಳೇ ನೀರು ಏನ್ಮಾಡ್ತೀರಿ?”

“ಅದು ಇರುತ್ತಲ್ಲ, ಅದರ ಮೇಲೇ ಹಾಕೋದು. ಗೆರೆಗೆ ಎಷ್ಟು ಕಮ್ಮಿಯೋ ಅಷ್ಟು.”

ನೀರಿನೊಳಗೆ ಟಾರ್ಚಿನ ಬೆಳಕು ಬಿಟ್ಟೆ. ತಳದಿಂದ ಒಂದು ದಂಡೇ ಮೈ ಕುಣಿಸುತ್ತ ಮೇಲೆ ಬಂತು. ದರ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದ.

“ಮೀನಿನ ಮರೀನಾ ಮೇಡಂ?”

“ಹೌದು ಟೈಲರಣ್ಣ. ರೆಕ್ಕೆ ಬರೋ ಮೀನು.”

ಇದೇ ಬೀದಿಯ ಕಥೆ. ಎಲ್ಲರೂ ದಿನಾ ಹೊಸ ನೀರು ಹಾಕುತ್ತಾರೆ, ಯಾರೂ ಹಳೆಯದನ್ನು ಚೆಲ್ಲುವುದಿಲ್ಲ. ಚೆಲ್ಲಿದರೆ ಗೆರೆ ಕಾಣುತ್ತದೆ, ಗೆರೆ ಕಂಡರೆ ಭಾವನ ದಂಡ. ಈ ಪಟ್ಟೆಕಾಲಿನ ಸೊಳ್ಳೆ ಮೊಟ್ಟೆಯನ್ನು ನೀರಿನಲ್ಲಿ ಇಡುವುದಿಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಗೋಡೆಗೆ ಅಂಟಿಸುತ್ತದೆ. ನೀರು ಏರಿ ಮೊಟ್ಟೆ ಮುಳುಗಿದಾಗ ಮರಿ ಹೊರಬರುತ್ತದೆ. ದಿನಾ ಬೆಳಿಗ್ಗೆ ಗೆರೆಯವರೆಗೆ ತುಂಬಿಸುವ ಈ ಶಿಸ್ತಿನ ಜನ ಅದಕ್ಕೆ ಬಾಣಂತನ ಮಾಡುತ್ತಿದ್ದಾರೆ. ಸೋಮಾರಿಗಳ ಬೀದಿಯಾಗಿದ್ದರೆ ನನ್ನ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು.

ಜೂನ್ ೧೨

ಗಾಜಿನ ಲೋಟದಲ್ಲಿ ಮರಿಗಳನ್ನು ತುಂಬಿಕೊಂಡು ಅಕ್ಕನ ಮನೆಗೆ ಊಟಕ್ಕೆ ಹೋದೆ. ಅವರ ಮನೆ ಅದೇ ಬೀದಿಯ ಬಲಬದಿಯಲ್ಲಿದೆ. ಒಂಟಿ ಜೀವಕ್ಕೆ ಬೇರೆ ಒಲೆ ಯಾಕೆ ಎಂದು ಅಕ್ಕ ನನ್ನ ರಾತ್ರಿಯ ಊಟವನ್ನು ಅಲ್ಲೇ ಇಟ್ಟುಕೊಂಡು ಎಷ್ಟೋ ವರ್ಷವಾಯಿತು. ಲೋಟವನ್ನು ಭಾವನ ತಟ್ಟೆಯ ಪಕ್ಕ ಇಟ್ಟೆ.

“ಊಟದ ಮೇಜಿನ ಮೇಲೆ ಹುಳ ಇಟ್ಟೋಳು ನೀನೊಬ್ಬಳೇ ಕಣೇ,” ಎಂದಳು ಅಕ್ಕ.

“ಇದು ನಿನ್ನ ಗಂಡ ಸಾಕ್ತಿರೋ ಹುಳ ಅಕ್ಕ. ವಾರಕ್ಕೊಂದು ಸಲ ತೊಟ್ಟಿ ಬೋರಲು ಹಾಕಿ, ಗೋಡೆ ಉಜ್ಜಿ, ಒಣಗಿಸಬೇಕು. ಅಷ್ಟೇ ನಾನು ಕೇಳ್ತಿರೋದು.”

ಭಾವ ಲೋಟ ಎತ್ತಿ ದೀಪಕ್ಕೆ ಹಿಡಿದು ನೋಡಿದರು. “ಈ ಕುಣಿಯೋ ಹುಳಕ್ಕೆ ಹೆದರಿ ಬೀದಿಯ ನೀರೆಲ್ಲ ಚೆಲ್ಲಬೇಕಾ? ಚೆಲ್ಲಿದ ದಿನಾನೇ ವಿಮಾನ ಬಂದ್ರೆ?”

“ಬರದೇ ಇದ್ರೆ?”

“ನೀನು ಆ ಸಾಲು ಸುಡೋದನ್ನ ನೋಡಿಲ್ಲಮ್ಮ.”

“ನೀವು ಡೆಂಗಿ ಜ್ವರ ನೋಡಿಲ್ಲ ಭಾವ.”

ಪುಟ್ಟಿ ನಗುತ್ತ ಕೂತಿದ್ದಳು. ಪುಟ್ಟಿ ಎಂದರೆ ಇವರಿಬ್ಬರ ಒಬ್ಬಳೇ ಮಗಳು. ಈಗ ಅವಳೇ ಏಳು ತಿಂಗಳ ಬಸುರಿ, ಗಂಡ ಗಡಿಯಲ್ಲಿದ್ದಾನೆ, ಆದರೂ ಹೆಸರು ಮಾತ್ರ ಪುಟ್ಟಿ. ಅವಳು ಹುಟ್ಟಿದಾಗ ಅಕ್ಕನಿಗೆ ಮೈ ಹುಷಾರಿರಲಿಲ್ಲ. ಮೊದಲ ವರ್ಷವೆಲ್ಲ ಅವಳು ಬೆಳೆದದ್ದು ನನ್ನ ಸೊಂಟದ ಮೇಲೆ. ಬಸುರಿಗೆ ಡೆಂಗಿ ಬಂದರೆ ಎರಡು ಜೀವ ಒಟ್ಟಿಗೆ ಹೋಗಬಹುದು ಎಂಬುದನ್ನು ನಾನು ಅವಳೆದುರು ಹೇಳಲಿಲ್ಲ. ಭಾವನಿಗೆ ಹೇಳದೆಯೇ ಅರ್ಥವಾಗಬೇಕಿತ್ತು.

ಜೂನ್ ೧೫

ಹೇಳಿ ಕೇಳಿದರೆ ಆಗುವುದಿಲ್ಲ ಎಂದ ಮೇಲೆ ಕೇಳದೆ ಮಾಡುವುದು ನನ್ನ ಪದ್ಧತಿ. ಬೆಳಿಗ್ಗೆ ಸೀಮೆಎಣ್ಣೆ ಡಬ್ಬ ಹಿಡಿದು ಹೊರಟು ಎರಡೂ ಬದಿಯ ಪ್ರತಿ ತೊಟ್ಟಿಗೂ ಒಂದೊಂದು ಚಮಚ ಬಿಟ್ಟೆ. ನೀರಿನ ಮೇಲೆ ತೆಳ್ಳಗೆ ಹರಡಿಕೊಂಡರೆ ಮರಿಗಳಿಗೆ ಉಸಿರು ಸಿಗುವುದಿಲ್ಲ. ಹಳೆಯ ಉಪಾಯ, ಗಟ್ಟಿ ಉಪಾಯ.

ಮಧ್ಯಾಹ್ನ ಭಾವ ನನ್ನ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಮುಖ ಕೆಂಡದಂತಿತ್ತು.

“ಬೆಂಕಿ ಆರಿಸೋ ನೀರಿಗೆ ಸೀಮೆಎಣ್ಣೆ ಹಾಕಿದೀಯಾ?”

“ಒಂದು ಚಮಚಕ್ಕೆ ತೊಟ್ಟಿ ಹತ್ತಿಕೊಳ್ಳಲ್ಲ ಭಾವ.”

“ಅದು ನಿಂಗೊತ್ತು, ನಂಗೊತ್ತು. ಮನೆಗೆ ಬೆಂಕಿ ಬಿದ್ದಾಗ ನೀರಲ್ಲಿ ಆ ವಾಸನೆ ಬಂದ್ರೆ ಒಬ್ಬರಾದ್ರೂ ಎತ್ತಿ ಎರಚ್ತಾರಾ?”

ಮಾತು ಸರಿಯಾಗಿತ್ತು. ಸರಿಯಾದ ಮಾತನ್ನು ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ. ಅವರ ಹುಡುಗರು ಸಂಜೆಯವರೆಗೆ ಹಳೇ ಬಟ್ಟೆಯಲ್ಲಿ ಎಣ್ಣೆ ಹೀರಿ ತೆಗೆದು, ಗೆರೆಯವರೆಗೆ ಹೊಸ ನೀರು ಹಾಕಿದರು. ಮರಿಗಳಿಗೆ ಹಬ್ಬ. ಬೀದಿಯ ಜನ ನನಗೆ ‘ಎಣ್ಣೆ ಮೇಡಂ’ ಎಂದು ಹೊಸ ಹೆಸರಿಟ್ಟಿದ್ದಾರೆ. ನಿನ್ನೆಯವರೆಗೆ ‘ಸೊಳ್ಳೆ ಮೇಡಂ’ ಎನ್ನುತ್ತಿದ್ದರು, ಅದೇ ವಾಸಿಯಿತ್ತು.

ಜೂನ್ ೧೯

ಭಾವ ಪುಟ್ಟಿಯ ಮಂಚವನ್ನು ಮಹಡಿಯಿಂದ ಇಳಿಸಿ ಮುಂಬಾಗಿಲ ಪಕ್ಕ ಹಾಕಿಸಿದ್ದಾರೆ. ಬೆಂಕಿ ಬಿದ್ದರೆ ಬಸುರಿ ಮೆಟ್ಟಿಲಿಳಿದು ಓಡಲಾರಳು, ಬಾಗಿಲ ಬಳಿಯಿದ್ದರೆ ಒಂದೇ ಹೆಜ್ಜೆ ಎನ್ನುವುದು ಅವರ ಲೆಕ್ಕ. ಬಾಗಿಲಾಚೆ ತೊಟ್ಟಿಯಿದೆ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಪುಟ್ಟಿ ಮಲಗುವುದೂ ಮಧ್ಯಾಹ್ನದಲ್ಲಿ. ಮೇಲೆ ಕಿಟಕಿಗೆ ಬಲೆಯಿರುವ ಕೋಣೆಗೆ ಹೋಗು ಎಂದು ನಾನು ಪಟ್ಟು ಹಿಡಿದೆ.

“ಅಪ್ಪ ಕೆಳಗೆ ಅಂತಾರೆ, ಚಿಕ್ಕಮ್ಮ ಮೇಲೆ ಅಂತಾರೆ. ಮೆಟ್ಟಿಲ ಮೇಲೆ ಮಲಗ್ಲಾ?” ಎಂದಳು ಪುಟ್ಟಿ.

ಅಕ್ಕ ನಗಲಿಲ್ಲ. “ಇಬ್ಬರೂ ಹುಡುಗೀನ ಉಳಿಸ್ತೀವಿ ಅಂತ ಹೊರಟು ಅವಳ ನಿದ್ದೆ ಕೆಡಿಸ್ತಿದೀರಿ,” ಎಂದು ತಟ್ಟೆಗಳನ್ನು ದಡದಡ ಎತ್ತಿಕೊಂಡು ಒಳಗೆ ಹೋದಳು. ಮಂಚ ಕೆಳಗೇ ಉಳಿಯಿತು. ಅದು ಅವರ ಮನೆ, ನನ್ನದಲ್ಲ. ಬಾಯಿ ಕಟ್ಟಿಕೊಂಡು ಬಂದೆ.

ಜೂನ್ ೨೪

ಜ್ವರ ಶುರುವಾಯಿತು. ದರ್ಜಿಯ ಹೆಂಡತಿ, ಅವಳ ಪಕ್ಕದ ಮನೆಯ ಅಣ್ಣತಮ್ಮಂದಿರು, ಬಲಬದಿಯ ಕೊನೆಯ ಮನೆಯ ಮೇಷ್ಟ್ರು. ಕಣ್ಣಿನ ಹಿಂದೆ ನೋವು, ಮೂಳೆ ಮೂಳೆ ಸಿಡಿತ, ಮೈಮೇಲೆ ಕೆಂಪು. ನನಗೆ ಯಾವ ಅನುಮಾನವೂ ಇಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮನಿಗೆ ರಕ್ತದ ಸೀಸೆ ಕಳಿಸಿದ್ದೆ. ಅವರೂ ಅದನ್ನೇ ಹೇಳಿದರು. “ನಿಮ್ಮ ಬೀದಿ ಇಷ್ಟಕ್ಕೇ ನಿಲ್ಲಲ್ಲ. ನನ್ನ ವಾರ್ಡಿನಲ್ಲಿ ಗಾಯಾಳುಗಳಿಗೇ ಮಂಚ ಇಲ್ಲ, ಅದನ್ನ ನೆನಪಿಟ್ಟುಕೊಳ್ಳಿ,” ಎಂದರು.

ಇನ್ನೊಂದು ವಿಷಯ, ಇದು ಇಲ್ಲಿಗೆ ಮಾತ್ರ. ಜನರಿಗೆ ತೋರಿಸಲೆಂದು ಆಫೀಸಿನ ಕಿಟಕಿಯಲ್ಲಿ ಮರಿಗಳ ಲೋಟಗಳನ್ನು ಸಾಲಾಗಿ ಇಟ್ಟಿದ್ದೆ. ಭಾವ ಯಾವುದೋ ಸಹಿಗೆ ಬಂದವರು ಒಂದು ಲೋಟ ಎತ್ತಿ ನೋಡಿದರು. “ಇದರಲ್ಲಿ ಹುಳ ಎಲ್ಲಿ?” ಎಂದರು. ಬರೀ ಸಿಪ್ಪೆ ತೇಲುತ್ತಿತ್ತು. ಮೇಲೆ ಕಟ್ಟಿದ್ದ ಬಟ್ಟೆ ಜಾರಿಹೋಗಿತ್ತು.

“ಹಾರಿಹೋಗಿದೆ,” ಎಂದೆ.

“ಆರೋಗ್ಯ ಇಲಾಖೆಯಿಂದಾನಾ?”

ಅಷ್ಟು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು. ನನಗೂ ನಗು ಬಂತು, ಆದರೆ ಅವರು ಹೋಗುವವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಲೋಟಗಳನ್ನೆಲ್ಲ ಕುದಿಯುವ ನೀರು ಹಾಕಿ ತೊಳೆದಿಟ್ಟೆ.

ಜೂನ್ ೨೭

ಜಗಳ ಪುರಸಭೆಯ ಅಧಿಕಾರಿಗಳ ಕೋಣೆಗೆ ಹೋಯಿತು. ಅವರು ಒಮ್ಮೆ ನನ್ನನ್ನು, ಒಮ್ಮೆ ಭಾವನನ್ನು ನೋಡಿ, “ನೀವು ಸಂಬಂಧಿಕರಲ್ವಾ? ಮನೇಲೇ ತೀರ್ಮಾನ ಮಾಡ್ಕೊಳ್ಳಿ, ನಂಗೆ ಯುದ್ಧದ ಕೆಲಸ ಇದೆ,” ಎಂದು ಕೈತೊಳೆದುಕೊಂಡರು.

ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ನಿಂತೆವು. ಬೀದಿಯಲ್ಲಿ ಹನ್ನೊಂದು ಮನೆಗೆ ಜ್ವರ ಬಂದಿದೆ ಎಂದೆ. ಭಾವ ಟೋಪಿ ತೆಗೆದು ತಲೆ ಉಜ್ಜಿಕೊಂಡರು.

“ನನ್ನ ಠಾಣೇಲಿ ಎರಡು ಗಾಡಿ ಇವೆ. ಎರಡನ್ನೂ ಒಂದೇ ದಿನ ತೊಳೆಯೋದಿಲ್ಲ. ಒಂದು ತೊಳೆಯುವಾಗ ಇನ್ನೊಂದು ನೀರು ತುಂಬಿಕೊಂಡು ಬಾಗಿಲಲ್ಲಿ ನಿಂತಿರುತ್ತೆ.” ಟೋಪಿ ಮತ್ತೆ ಹಾಕಿಕೊಂಡು, “ಬೀದಿಗೂ ಎರಡು ಬದಿ ಇದೆ,” ಎಂದರು.

ಇಷ್ಟು ಸುಲಭದ ಉತ್ತರ ನನಗೆ ಯಾಕೆ ಹೊಳೆಯಲಿಲ್ಲವೋ. ನಾನು ಪೂರ್ತಿ ಗೆಲ್ಲಲು ನೋಡುತ್ತಿದ್ದೆ ಎಂದು ಕಾಣುತ್ತದೆ. ಸೋಮವಾರ ಎಡಬದಿ, ಗುರುವಾರ ಬಲಬದಿ. ಒಂದು ಬದಿಯ ತೊಟ್ಟಿ ಬೋರಲು ಬಿದ್ದಿರುವಾಗ ಎದುರು ಬದಿಯದು ತುಂಬಿರಬೇಕು, ಬೆಂಕಿ ಬಿದ್ದರೆ ಅವರು ಇವರಿಗೆ ಕೊಡಬೇಕು. ಕೈ ಕುಲುಕಲಿಲ್ಲ, ಆದರೆ ಮನೆಯವರೆಗೆ ಜೊತೆಯಲ್ಲೇ ನಡೆದೆವು.

ಜುಲೈ ೧

ಎಂಥ ಸೋಮವಾರ. ಎಡಬದಿಯ ಇಡೀ ಸಾಲು ತೊಟ್ಟಿ ಬಗ್ಗಿಸಿತು. ನೀರು ಬೀದಿಯಲ್ಲಿ ಹರಿದು ಮಕ್ಕಳಿಗೆ ಆಟವಾಯಿತು. ನಾನು ಒಂದು ಕೈಯಲ್ಲಿ ಬ್ರಷ್ಷು, ಒಂದು ಕೈಯಲ್ಲಿ ಟಾರ್ಚು ಹಿಡಿದು ಮನೆಯಿಂದ ಮನೆಗೆ ಹೋದೆ. ಗೆರೆಯ ಸುತ್ತ ಉಜ್ಜಿ, ಕಪ್ಪು ಚುಕ್ಕಿ ಕಾಣುತ್ತಲ್ಲ, ಅದೇ ಮೊಟ್ಟೆ ಎಂದು ಗಂಟಲು ಕಟ್ಟುವವರೆಗೆ ಕೂಗಿದೆ. ದರ್ಜಿಯ ಹೆಂಡತಿ ಜ್ವರದಿಂದ ಎದ್ದು ಇನ್ನೂ ನಾಲ್ಕು ದಿನವಾಗಿಲ್ಲ, ಬಾಗಿಲಲ್ಲಿ ಕೂತು ಗಂಡನಿಗೆ, “ಮೂಲೆ ಬಿಟ್ರಿ, ಮೂಲೆ,” ಎಂದು ಅಪ್ಪಣೆ ಕೊಡಿಸುತ್ತಿದ್ದಳು.

ಸಂಜೆ ತೊಟ್ಟಿಗಳೆಲ್ಲ ಬಿಸಿಲು ಕುಡಿದು ಬೆಳ್ಳಗೆ ಕೂತಿದ್ದವು. ಭಾವ ಬಂದು ಕೈಕಟ್ಟಿಕೊಂಡು ನೋಡಿದರು. ನಾಳೆ ಬೆಳಗಾಗುವುದರೊಳಗೆ ತುಂಬಿರಬೇಕು ಎಂದು ಮಾತ್ರ ಹೇಳಿದರು. ಆಗುತ್ತದೆ ಎಂದೆ. ಇನ್ನೆರಡು ವಾರದಲ್ಲಿ ಈ ಜ್ವರದ ಹುಟ್ಟಡಗಿಸುತ್ತೇನೆ.

ಜುಲೈ ೮

ಸೋಮವಾರ. ಎಡಬದಿಯ ತೊಟ್ಟಿಗಳು ಬೋರಲಿದ್ದಾಗ ಸೈರನ್ ಕೂಗಿತು.

ಬಾಂಬು ಬಿದ್ದದ್ದು ದರ್ಜಿಯ ಅಂಗಡಿಯ ಸೂರಿನ ಮೇಲೆ. ಥಾನುಗಟ್ಟಲೆ ಬಟ್ಟೆಯಿದ್ದ ಜಾಗ, ಒಂದೇ ಉಸಿರಿಗೆ ಹತ್ತಿಕೊಂಡಿತು. ನಾನು ಎದುರಿನವರಿಗೆ ನೀರು ತನ್ನಿ ಎಂದು ಕೂಗಿದೆ. ಅವರ ತೊಟ್ಟಿಗಳು ಗೆರೆಯವರೆಗೆ ತುಂಬಿದ್ದವು. ಒಬ್ಬೊಬ್ಬರೂ ತಮ್ಮ ತಮ್ಮ ತೊಟ್ಟಿಯ ಪಕ್ಕ ಬಕೆಟ್ಟು ಹಿಡಿದು ನಿಂತೇ ಇದ್ದರು. ಆಕಾಶ ನೋಡುತ್ತಿದ್ದರು. ಮುಂದಿನದು ನಮ್ಮ ಮನೆಗೆ ಬಿದ್ದರೆ ಎಂದು ಅವರು ಅಂದುಕೊಂಡದ್ದು ನನಗೆ ಮುಖದಲ್ಲೇ ಕಾಣುತ್ತಿತ್ತು. ಬೀದಿ ದಾಟಿ ಮೊದಲು ಬಂದವಳು ಅಕ್ಕ, ಎರಡು ಕೈಯಲ್ಲಿ ಎರಡು ಬಕೆಟ್ಟು. ಅವಳನ್ನು ನೋಡಿ ಉಳಿದವರೂ ಬಂದರು. ಬೇರೆ ಕಡೆಯ ಬೆಂಕಿಗೆ ಹೋಗಿದ್ದ ಠಾಣೆಯ ಎರಡೂ ಗಾಡಿ ಬರುವಷ್ಟರಲ್ಲಿ ಅಂಗಡಿ ಹೋಗಿತ್ತು, ಹಿಂದಿನ ಮನೆ ಉಳಿಯಿತು. ದರ್ಜಿ ಮಿಷನ್ನು ಎಳೆಯಲು ಹೋಗಿ ಬಲಗೈ ಸುಟ್ಟುಕೊಂಡ.

ನಾನೇ ಕಟ್ಟು ಹಾಕಿದೆ. ಅವನು ಬಯ್ಯಲಿಲ್ಲ. ಬಯ್ದಿದ್ದರೆ ಉತ್ತರ ಕೊಡುತ್ತಿದ್ದೆ.

“ನನ್ನ ತೊಟ್ಟಿ ಬೋರಲಾಗಿತ್ತು, ಮೇಡಂ,” ಎಂದ, ಅಷ್ಟೆ.

ಜುಲೈ ೯

ಆಫೀಸಿಗೆ ಹೋಗಿ ಬಂದೆ. ಬರೆಯಲು ಏನೂ ಇಲ್ಲ.

ಜುಲೈ ೧೦

ಪುಟ್ಟಿಗೆ ಜ್ವರ. ಬೆಳಿಗ್ಗೆ ಅಕ್ಕ ನನ್ನನ್ನು ಕರೆಯಲು ತಾನೇ ಓಡಿಬಂದಳು. ನಾನು ಮುಟ್ಟಿ ನೋಡುವ ಮೊದಲೇ ಪುಟ್ಟಿ, “ಕಣ್ಣಿನ ಹಿಂದೆ ನೋವು ಚಿಕ್ಕಮ್ಮ,” ಎಂದಳು.

ಮಧ್ಯಾಹ್ನ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಹೆರಿಗೆ ವಾರ್ಡಿನ ಮೂಲೆಯಲ್ಲಿ ಒಂದು ಮಂಚಕ್ಕೆ ಸೊಳ್ಳೆಪರದೆ ಕಟ್ಟಿಸಿ ಡಾಕ್ಟರಮ್ಮ ಜಾಗ ಮಾಡಿಕೊಟ್ಟರು. ಮಗುವಿನ ಎದೆಬಡಿತ ಸರಿಯಾಗಿದೆಯಂತೆ.

ಜುಲೈ ೧೧

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಭಾವ ನನ್ನ ಪಕ್ಕ ಬಂದು ಕೂತರು.

“ಮಂಚ ಕೆಳಗೆ ತಂದಿದ್ದು ನಾನೇ,” ಎಂದರು.

ಈ ಮನುಷ್ಯನಿಗೆ ‘ನಾನು ಹೇಳಿರಲಿಲ್ಲವಾ’ ಎನ್ನುವ ಒಂದು ಅವಕಾಶಕ್ಕಾಗಿ ಅಕ್ಕನ ಮದುವೆಯಾದಂದಿನಿಂದ ಕಾದಿದ್ದೇನೆ. ಅದು ಇವತ್ತು ತಾನಾಗಿಯೇ ಬಂದು ಮಡಿಲಲ್ಲಿ ಬಿತ್ತು. “ಪುಟ್ಟಿ ಆಫೀಸಿನ ಕಡೆ ಬಂದಾಗ ನನ್ನ ಲೋಟದಿಂದ ಹಾರಿದ್ದೂ ಕಚ್ಚಿರಬಹುದು ಭಾವ, ಯಾರಿಗೆ ಗೊತ್ತು,” ಎಂದೆ. ಅದು ಸುಳ್ಳೂ ಅಲ್ಲ.

ಆಮೇಲೆ ಅವರು ಎದ್ದು ಟೋಪಿ ಹಾಕಿಕೊಂಡರು. “ಇವತ್ತು ಗುರುವಾರ. ನಮ್ಮ ಬದಿ.”

“ಇವತ್ತು ಬೇಡ,” ಎಂದೆ ನಾನು. “ಬೆಳಿಗ್ಗೆ ಎರಡು ಸಲ ಸೈರನ್ ಆಗಿದೆ. ಈ ಹೊತ್ತಲ್ಲಿ ನೀರು ಚೆಲ್ಲೋದು ಸರಿಯಲ್ಲ. ಒಂದು ಬದಿ ಖಾಲಿಯಿದ್ರೆ ಏನಾಗುತ್ತೆ ಅಂತ ನೋಡಿದೀವಲ್ಲ.”

“ಗೋಡೆ ಮೇಲೆ ಮೊಟ್ಟೆ ಅಂಟಿಕೊಂಡಿರುತ್ತೆ. ಒಂದು ವಾರ ಬಿಟ್ರೆ ಮತ್ತೆ ಅಷ್ಟೂ ಹಾರುತ್ತೆ. ಒಳಗೆ ಮಲಗಿರೋಳು ನನ್ನ ಮಗಳು. ಏಳು.”

ಅಕ್ಕ ವಾರ್ಡಿನಿಂದ ತಲೆ ಹೊರಹಾಕಿ, “ಇಬ್ಬರೂ ಹೋಗಿ. ಇಲ್ಲಿ ಕೂತು ನನ್ನ ಜೀವ ತಿನ್ನಬೇಡಿ,” ಎಂದಳು.

ಬೀದಿಯಲ್ಲಿ ಯಾರೂ ತೊಟ್ಟಿ ಮುಟ್ಟಿರಲಿಲ್ಲ. ಸುಟ್ಟ ಅಂಗಡಿಯ ಮುಂದೆ ಜನ ಗುಂಪುಗುಂಪಾಗಿ ನಿಂತಿದ್ದರು. ಭಾವ ಠಾಣೆಯ ಒಂದು ಗಾಡಿಯನ್ನು ನೀರು ತುಂಬಿಸಿ ತರಿಸಿ ಬಲಬದಿಯ ನಡುವೆ ನಿಲ್ಲಿಸಿದರು. ಆಮೇಲೆ ಎಡಬದಿಯವರಿಗೆ, “ನಿಮ್ಮ ಬಕೆಟ್ಟುಗಳನ್ನ ತುಂಬಿ ಬೀದಿ ಮಧ್ಯ ಇಡಿ. ಮನೆ ಬಾಗಿಲಲ್ಲಿ ಅಲ್ಲ, ಮಧ್ಯದಲ್ಲಿ. ಅಲ್ಲಿರೋ ನೀರು ಯಾರದೂ ಅಲ್ಲ, ಎಲ್ಲರದೂ,” ಎಂದರು. ನಾನು ಮಾತಿಗೆ ಮಾತು ಸೇರಿಸಲಿಲ್ಲ. ಬಕೆಟ್ಟುಗಳ ನಡುವೆ ಮೂರು ಹೆಜ್ಜೆ ಬಿಡಿ, ಓಡುವಾಗ ಎಡವಬಾರದು ಎಂದು ಮಾತ್ರ ಹೇಳಿ, ಎಲ್ಲ ಸರಿಯಾಗಿದೆಯೇ ಎಂದು ನೋಡಿದೆ. ಮರಳಿನ ಚೀಲಗಳೂ ಸಾಲದು ಎನಿಸಿತು, ಇನ್ನಷ್ಟು ತರಿಸಿದೆ.

ಭಾವ ಅಂಗಿತೋಳು ಮಡಿಸಿ ತಮ್ಮ ಮನೆಯ ತೊಟ್ಟಿಯನ್ನು ತಾವೇ ಬಗ್ಗಿಸಿದರು. ಬಗ್ಗಿ, ಕನ್ನಡಕವಿಲ್ಲದೆ, ಗೆರೆಯ ಸುತ್ತ ಬೆರಳಲ್ಲಿ ಸವರಿ ಸವರಿ ಉಜ್ಜಿದರು. ಆಮೇಲೆ ಬಲಬದಿಯೆಲ್ಲ ಬಗ್ಗಿತು. ಸೈರನ್ ಮತ್ತೊಮ್ಮೆ ಕೂಗಿತು, ವಿಮಾನಗಳು ಬೇರೆಲ್ಲೋ ಹೋದವು. ದರ್ಜಿ ಮಾತ್ರ ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಮನೆಯ ಬಾಗಿಲಲ್ಲಿ ಕೂತಿದ್ದ, ಬಕೆಟ್ಟು ಹೊರಗಿಡಲಿಲ್ಲ. ನಾನು ಕೇಳಲೂ ಇಲ್ಲ. ಯಾವ ಮುಖದಲ್ಲಿ ಕೇಳಲಿ.

ಜುಲೈ ೧೪

ಜ್ವರ ಬಿಟ್ಟಿತು. ಪುಟ್ಟಿಯ ಹಣೆ ತಣ್ಣಗಾದದ್ದನ್ನು ಅಕ್ಕ ಇಡೀ ವಾರ್ಡಿಗೆ ಹೇಳಿಕೊಂಡು ಬಂದಳು. ಭಾವ ನರ್ಸಮ್ಮನಿಗೆ ಕೈಮುಗಿದರು. ನಾನೂ ನಕ್ಕೆ.

ಈ ಕಾಯಿಲೆಯಲ್ಲಿ ಜ್ವರ ಬಿಟ್ಟ ಮೇಲಿನ ಎರಡು ದಿನವೇ ಅಪಾಯ. ರಕ್ತ ಸೋರುವುದು ಆಗಲೇ. ಡಾಕ್ಟರಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರೂ ಅಕ್ಕನಿಗೆ ಏನೂ ಹೇಳಲಿಲ್ಲ. ಪ್ಲೇಟ್‌ಲೆಟ್ ಇಳಿಯುತ್ತಿದೆ. ಪುಟ್ಟಿಯ ತೋಳಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕಿ ಕಂಡೆ, ಹೊದಿಕೆ ಎಳೆದು ಮುಚ್ಚಿದೆ. ನನಗೆ ಭಯವಾಗಿದೆ. ಇಲ್ಲಿ ಬರೆದರೆ ಯಾರಿಗೂ ಕೇಳಿಸುವುದಿಲ್ಲ: ನನಗೆ ತುಂಬ ಭಯವಾಗಿದೆ.

ಜುಲೈ ೧೫

ಬೆಳಿಗ್ಗೆ ಅವಳ ಒಸಡಿನಲ್ಲಿ ರಕ್ತ. ರಕ್ತ ಕೊಡಲು ಠಾಣೆಯ ಹುಡುಗರು ಸಾಲಾಗಿ ನಿಂತರು. ಪುಟ್ಟಿ ನನ್ನ ಕೈ ಹಿಡಿದು, “ಚಿಕ್ಕಮ್ಮ, ಒದೀತಿದೆ,” ಎಂದಳು. ಹೊಟ್ಟೆಯ ಮೇಲೆ ಕೈಯಿಟ್ಟೆ. ಹೌದು, ಒದೆಯುತ್ತಿತ್ತು. ಅದೊಂದು ಒದೆತದ ಬಲದ ಮೇಲೆ ನಾನು ಇಡೀ ಬೆಳಗು ಬದುಕಿದೆ.

ಮಧ್ಯಾಹ್ನದ ಹೊತ್ತಿಗೆ ನೆನಪಾಯಿತು, ಇವತ್ತು ಸೋಮವಾರ. ಎಡಬದಿ. ಯಾರಿಗೂ ಹೇಳಿರಲಿಲ್ಲ, ಭಾವ ಕೂಡ ಇಲ್ಲೇ ಇದ್ದರು. ಅಕ್ಕನಿಗೆ ಹೇಳಿ ಓಡಿದೆ. ಈ ವಯಸ್ಸಿನಲ್ಲಿ ಹಾಗೆ ಓಡಬಾರದು.

ಬೀದಿಯಲ್ಲಿ ಎಡಬದಿಯ ತೊಟ್ಟಿಗಳು ಬೋರಲು ಬಿದ್ದು ಒಣಗುತ್ತಿದ್ದವು. ಬಲಬದಿಯವರ ಬಕೆಟ್ಟುಗಳು ಬೀದಿಯ ಮಧ್ಯ ತುಂಬಿ ನಿಂತಿದ್ದವು, ಮೂರು ಮೂರು ಹೆಜ್ಜೆಗೆ ಒಂದು. ಮೇಷ್ಟ್ರು ಟಾರ್ಚು ಹಿಡಿದು ಮನೆಮನೆ ನೋಡುತ್ತಿದ್ದರು. ದರ್ಜಿ ಎಡಗೈಯಲ್ಲಿ ಬ್ರಷ್ಷು ಹಿಡಿದು ತನ್ನ ತೊಟ್ಟಿಯ ಮೂಲೆ ಉಜ್ಜುತ್ತಿದ್ದ, ಕಟ್ಟು ಹಾಕಿದ ಬಲಗೈಯನ್ನು ಮೇಲೆತ್ತಿ ಹಿಡಿದಿದ್ದ.

“ನೀವ್ಯಾಕೆ ಬಂದ್ರಿ?” ಎಂದ. “ಹೋಗಿ, ಹುಡುಗೀನ ನೋಡ್ಕೊಳ್ಳಿ. ನಮಗೆ ಗೊತ್ತಾಗಲ್ವಾ?”

ಒಂದು ಗಳಿಗೆ ನನಗೆ ಸಿಟ್ಟೇ ಬಂತು. ನಾನಿಲ್ಲದೆ ಹೇಗೆ ಶುರುಮಾಡಿದರು. ಬಗ್ಗಿ ಅವನ ತೊಟ್ಟಿಯೊಳಗೆ ನೋಡಿದೆ, ಒಂದು ಚುಕ್ಕಿಯೂ ಇರಲಿಲ್ಲ. ಸುಟ್ಟ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ದರ್ಜಿಯ ಹೆಂಡತಿ ಕುಡಿಯಲು ನೀರು ಕೊಟ್ಟಳು. ಎಲ್ಲರ ಮುಂದೆ ಅತ್ತದ್ದು ಸರಿಯಾಗಲಿಲ್ಲ, ಇಲಾಖೆಗೆ ಮರ್ಯಾದೆಯಲ್ಲ.

ಜುಲೈ ೧೭

ಪ್ಲೇಟ್‌ಲೆಟ್ ಏರುತ್ತಿದೆ. ಡಾಕ್ಟರಮ್ಮ, “ಇನ್ನು ನೀವು ಮನೆಗೆ ಹೋಗಿ ಮಲಗಿ, ಇಲ್ಲಾಂದ್ರೆ ನಿಮ್ಮನ್ನೂ ಸೇರಿಸ್ಕೋಬೇಕಾಗುತ್ತೆ,” ಎಂದರು. ಮಲಗಿದೆ. ಬೇರೇನೂ ಬರೆಯುವುದಿಲ್ಲ.

ಜುಲೈ ೩೧

ಎರಡು ವಾರದಿಂದ ಬೀದಿಯಲ್ಲಿ ಹೊಸ ಜ್ವರವಿಲ್ಲ. ಪಕ್ಕದ ಬಡಾವಣೆಯವರು ನೋಡಿಕೊಂಡು ಹೋಗಲು ಬಂದಿದ್ದರು. ಅವರಿಗೆ ನಾನು ಬಕೆಟ್ಟು ಎಲ್ಲಿಡಬೇಕು, ಗಾಡಿ ಎಲ್ಲಿ ನಿಲ್ಲಬೇಕು, ಮರಳು ಎಷ್ಟು ಬೇಕು ಎಂದು ವಿವರಿಸಿದೆ. ಭಾವ ಅವರಿಗೆ ಸೊಳ್ಳೆಮೊಟ್ಟೆಯ ಪಾಠ ಮಾಡಿದರು, ಸ್ವಲ್ಪ ತಪ್ಪಿತ್ತು, ತಿದ್ದಿದೆ. ಭಾವ ನನ್ನ ಮರಳಿನ ಲೆಕ್ಕ ತಿದ್ದಿದರು. ಊಟದ ಹೊತ್ತಿನಲ್ಲಿ ಅಕ್ಕ ನಮ್ಮಿಬ್ಬರನ್ನೂ ನೋಡಿ ಸುಮ್ಮನೆ ನಗುತ್ತಿದ್ದಳು.

ಆಗಸ್ಟ್ ೧೨

ಹೆಣ್ಣುಮಗು. ಇವತ್ತು ಬೆಳಿಗ್ಗೆ ಹುಟ್ಟಿತು. ಸಣ್ಣದು, ಆದರೆ ಕೂಗು ಮಾತ್ರ ಸೈರನ್ನಿಗೆ ಸಮ. ಪುಟ್ಟಿ ಬೆವತು, ದಣಿದು, ರಾಣಿಯಂತೆ ಮಲಗಿದ್ದಾಳೆ. ಅವಳ ಗಂಡನಿಗೆ ಗಡಿಗೆ ತಂತಿ ಹೋಗಿದೆ. ಬದುಕಿನಲ್ಲಿ ಇಷ್ಟು ಖುಷಿಯಾದದ್ದು ನನಗೆ ನೆನಪಿಲ್ಲ.

ಸಂಜೆ ದರ್ಜಿ ಹೆಂಡತಿಯ ಜೊತೆ ಬಂದ. ಕೈಯ ಕಟ್ಟು ಬಿಚ್ಚಿದ್ದಾನೆ, ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಯಾರದೋ ಮಿಷನ್ನು ಕೇಳಿ ಪಡೆದು, ಹೆಂಡತಿ ಬಟ್ಟೆ ಹಿಡಿದು, ಇವನು ತುಳಿದು, ತೊಟ್ಟಿಲಿಗೊಂದು ಸೊಳ್ಳೆಪರದೆ ಹೊಲಿದಿದ್ದಾರೆ. ತೊಟ್ಟಿಲ ಮೇಲೆ ತಾನೇ ಕಟ್ಟಿ ತೋರಿಸಿದ.

“ಎಳೆ ನೋಡಿ ಮೇಡಂ, ಸೊಳ್ಳೆ ಮೂತಿ ಕೂಡ ತೂರಲ್ಲ,” ಎಂದ. ಆಮೇಲೆ ಭಾವನ ಕಡೆ ತಿರುಗಿ, ಪಕ್ಕದಲ್ಲಿ ಇಳಿಬಿದ್ದಿದ್ದ ಕೆಂಪು ಪಟ್ಟಿ ಹಿಡಿದ. “ಸಾರ್, ಗಂಟು ಎಲ್ಲೂ ಹಾಕಿಲ್ಲ. ಇದನ್ನ ಎಳೆದ್ರೆ ಪೂರಾ ಬಿಚ್ಚಿ ಬರುತ್ತೆ. ಬೆಂಕಿ ಬಿದ್ರೆ ಕತ್ತಲಲ್ಲೂ ಮಗೂನ ಎತ್ಕೊಂಡು ಓಡಬಹುದು.”

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಹೋಗಿ ಆ ಕೆಂಪು ಪಟ್ಟಿಯನ್ನು ಎಳೆದು ನೋಡಿದೆ, ಕಟ್ಟಿಸಿದೆ, ಮತ್ತೆ ಎಳೆದೆ. ಒಂದೇ ಎಳೆತಕ್ಕೆ ಬರುತ್ತದೆಯೇ ಎಂದು ನನಗೆ ಖಾತ್ರಿಯಾಗಬೇಕಿತ್ತು. ಭಾವ ಇನ್ನೊಂದು ಪಕ್ಕದಲ್ಲಿ ಮೊಣಕಾಲೂರಿ, ಪರದೆಗೆ ಕಣ್ಣು ಹಚ್ಚಿ, ಇಂಚಿಂಚಾಗಿ ತೂತು ಹುಡುಕುತ್ತಿದ್ದರು. ಮಗು ನಿದ್ದೆಮಾಡಿತು.